ಸಮುದ್ರದ ಪಾಲು

ಮುಂಗಾರು ಚೆನ್ನಾಗಿ ಆದ ವರ್ಷ ಕನ್ನಡ ಪತ್ರಿಕೆಗಳಲ್ಲಿ ಒಂದು ಶೀರ್ಷಿಕೆ ತಪ್ಪದೆ ಕಾಣಿಸಿಕೊಳ್ಳುತ್ತದೆ: ಇಷ್ಟು ಟಿಎಂಸಿ ನೀರು ಸಮುದ್ರದ ಪಾಲು. ಅದು ಮಳೆಯ ಸುದ್ದಿಯಲ್ಲ, ಮೀನಿನ ಸುದ್ದಿಯೂ ಅಲ್ಲ, ನಷ್ಟದ ಸುದ್ದಿ. ಬೆಂಕಿಯ ಪಾಲಾದ ಬಣವೆ, ಕಳ್ಳರ ಪಾಲಾದ ಒಡವೆ ಎನ್ನುವ ಸಾಲಿನಲ್ಲೇ ಸಮುದ್ರದ ಪಾಲಾದ ನೀರೂ ನಿಲ್ಲುತ್ತದೆ. ಯಾರಿಗೆ ಹಕ್ಕಿಲ್ಲವೋ ಅವರ ಕೈಸೇರಿದ್ದು ಎಂಬ ಅರ್ಥ ಅದರೊಳಗೆ ಸದ್ದಿಲ್ಲದೆ ಕುಳಿತಿದೆ. ವಿಚಿತ್ರವೆಂದರೆ ಅದೇ 'ಪಾಲು' ಎಂಬ ಪದಕ್ಕೆ ನಮ್ಮ ಭಾಷೆಯಲ್ಲಿ ಇನ್ನೊಂದು, ಇದಕ್ಕೆ ತೀರ ವಿರುದ್ಧವಾದ ಅರ್ಥವೂ ಇದೆ. ಅಣ್ಣತಮ್ಮಂದಿರು ಹಂಚಿಕೊಳ್ಳುವುದು ಪಾಲು. ಕೊಡದಿದ್ದರೆ ನ್ಯಾಯಾಲಯಕ್ಕೆ ಹೋಗಬಹುದಾದದ್ದು ಪಾಲು. ಒಂದರಲ್ಲಿ ನಷ್ಟ, ಇನ್ನೊಂದರಲ್ಲಿ ಹಕ್ಕು. ಸಮುದ್ರದ ವಿಷಯದಲ್ಲಿ ನಾವು ಮೊದಲನೆಯ ಅರ್ಥವನ್ನಷ್ಟೇ ಉಳಿಸಿಕೊಂಡಿದ್ದೇವೆ. ಎರಡನೆಯದನ್ನು ತರಬೇಕಾದ ಕಾಲ ಬಂದಿದೆ ಎಂಬುದು ಈ ಬರಹದ ವಾದ.

ಕೋಲ್ಕತ್ತದ ಗರಿಯಾಹಾಟಿನಲ್ಲಿ ಕುಳಿತು ನೇತ್ರಾವತಿಯ ಬಗೆಗೆ ವಾದಿಸುವುದೇಕೆ ಎಂದು ಓದುಗರು ಕೇಳಬಹುದು. ಕಾರಣ ಸರಳವಾದದ್ದು. ನದಿ ಸಮುದ್ರ ಸೇರಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನಲ್ಲೇ ಅತಿ ದೊಡ್ಡ ಉದಾಹರಣೆಗಳಲ್ಲೊಂದು ಇಲ್ಲಿಂದ ಆಗ್ನೇಯಕ್ಕೆ 200 ಕಿಲೋಮೀಟರಿನ ಒಳಗೇ ಇದೆ. ಸುಂದರಬನದ ಕೊನೆಯ ಮ್ಯಾಂಗ್ರೋವ್ ಮರಗಳನ್ನು ದಾಟಿ ದಕ್ಷಿಣಕ್ಕೆ ಹೋದರೆ ಕಡಲು ಬಹುದೂರ ಆಳವೇ ಇಲ್ಲದ ಕೆಸರು ನೀರು. ಹತ್ತು ಮೀಟರ್, ಹದಿನೈದು ಮೀಟರ್. ಅದರ ನಡುವೆ ಒಂದು ಕಡೆ ತಳ ಹಠಾತ್ತನೆ ಕುಸಿಯುತ್ತದೆ. ಐದರಿಂದ ಏಳು ಕಿಲೋಮೀಟರ್ ಅಗಲದ, ಸಪಾಟು ತಳದ ಒಂದು ಕಂದರ ಅಲ್ಲಿಂದ ನೈಋತ್ಯಕ್ಕೆ ಸಾಗುತ್ತ, ಭೂಖಂಡದ ಅಂಚಿನ ಹೊತ್ತಿಗೆ ಸುಮಾರು 1,200 ಮೀಟರ್ ಆಳಕ್ಕೆ ಇಳಿದಿರುತ್ತದೆ. ಆಗುಂಬೆಯ ಘಾಟಿಯನ್ನು ನೀರಿನೊಳಗೆ ಊಹಿಸಿಕೊಂಡರೂ ಅದು ಇದಕ್ಕೆ ಸಾಲದು.

ಇಂಗ್ಲಿಷ್ ನಾವಿಕರು ಇದಕ್ಕೆ 'ಸ್ವಾಚ್ ಆಫ್ ನೋ ಗ್ರೌಂಡ್' ಎಂದು ಹೆಸರಿಟ್ಟರು. ಸೀಸದ ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟು ಆಳ ನೋಡುವ ಕಾಲದಲ್ಲಿ ಇಲ್ಲಿ ಹಗ್ಗ ಮುಗಿಯುತ್ತಿತ್ತೇ ಹೊರತು ನೆಲ ಸಿಗುತ್ತಿರಲಿಲ್ಲ; ನೆಲವಿಲ್ಲದ ಪಟ್ಟಿ. ಬಂಗಾಳಿ ಮೀನುಗಾರರ ಹೆಸರು ಇನ್ನೂ ಚೆಂದ: 'ನಾಯ್ ಬಾಮ್'. ಅವರು ಕಡಲನ್ನು ಅಡಿಯಿಂದಲೋ ಮೀಟರಿನಿಂದಲೋ ಅಳೆಯುವುದಿಲ್ಲ, ಬಾಮ್‌ನಿಂದ ಅಳೆಯುತ್ತಾರೆ. ಹತ್ತು ಬಾಮ್, ಇಪ್ಪತ್ತು ಬಾಮ್. ಆಮೇಲೆ ಬಾಮೇ ಇಲ್ಲದ ಜಾಗ. ಎರಡು ತೋಳುಗಳನ್ನು ಚಾಚಿದಷ್ಟು ಉದ್ದಕ್ಕೆ ಸಂಸ್ಕೃತದಲ್ಲಿ ವ್ಯಾಮ ಎನ್ನುತ್ತಾರೆ. ಇಂಗ್ಲಿಷಿನ ಫ್ಯಾದಮ್ ಕೂಡ ಮೂಲದಲ್ಲಿ ತಬ್ಬಿಕೊಳ್ಳಲು ಚಾಚಿದ ತೋಳುಗಳೇ. ನಮ್ಮಲ್ಲಿ ಅದಕ್ಕೆ ಮಾರು ಎಂಬ ಪದವಿದೆ, ಮಾರುಕಟ್ಟೆಯಲ್ಲಿ ಹೂವಾಡಗಿತ್ತಿಯರ ಕೈಯಲ್ಲಿ ಇನ್ನೂ ಬದುಕಿದೆ. ಮೂರು ಭಾಷೆಗಳ ಜನ ಕಡಲಿನ ಆಳವನ್ನು ತಬ್ಬಿ ಅಳೆಯಲು ಹೊರಟದ್ದು ನನಗೆ ಬಹಳ ಹಿಡಿಸಿದ ಸಂಗತಿ. ಇಂಗ್ಲಿಷ್ ಎಂ.ಎ. ಮಾಡಿದವನಿಗೆ ಉಳಿದಿರುವ ಚಪಲಗಳಲ್ಲಿ ಇದೂ ಒಂದೆಂದು ಕ್ಷಮಿಸಿ. ಕನ್ನಡದಲ್ಲಿ ಈ ಕಂದರಕ್ಕೆ ಹೆಸರಿಡುವುದಾದರೆ 'ಮಾರಿಲ್ಲದ ಕಡಲು' ಎನ್ನಬಹುದೇನೋ.

ಈ ಕಂದರದ ಬಗೆಗೆ ತಲೆ ಕೆಡಿಸಿಕೊಂಡವರಲ್ಲಿ ಒಬ್ಬರು ಕನ್ನಡಿಗರಿಗೆ ಬೇರೆ ಕಾರಣಕ್ಕೆ ಪರಿಚಿತರು. ಜೇಮ್ಸ್ ಫರ್ಗುಸನ್ ಎಂದರೆ ಹಳೇಬೀಡಿನ ದೇವಾಲಯವನ್ನು ಗ್ರೀಸಿನ ಪಾರ್ಥೆನಾನ್ ಎದುರು ನಿಲ್ಲಿಸಿ ತೂಗಿದ ಕಲಾ ಇತಿಹಾಸಕಾರ. 1866ರಲ್ಲಿ ಮೆಡೋಸ್ ಟೇಲರ್ ಜೊತೆಗೆ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಬಗೆಗೆ ಚಿತ್ರಸಹಿತ ಗ್ರಂಥ ತಂದವರು. ಆದರೆ ಅದಕ್ಕೂ ಮೊದಲು ಅವರು ಬಂಗಾಳದಲ್ಲಿ ನೀಲಿ ವ್ಯಾಪಾರ ಮಾಡಿದವರು, ನದಿಗಳು ದಾರಿ ಬದಲಿಸುವುದನ್ನು ಕಣ್ಣಾರೆ ಕಂಡವರು. 1863ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ ಗಂಗೆಯ ಮುಖಜಭೂಮಿಯ ಬದಲಾವಣೆಗಳ ಕುರಿತು ಅವರ ದೀರ್ಘ ಪ್ರಬಂಧ ಬಂತು. ಇಷ್ಟೊಂದು ಹೂಳು ಸುರಿಯುವ ಕಡೆ ಈ ಗುಂಡಿ ತುಂಬಿಹೋಗದೆ ಉಳಿದದ್ದು ಹೇಗೆ ಎಂಬ ಪ್ರಶ್ನೆ ಅವರನ್ನು ಕಾಡಿತ್ತು. ಎರಡೂ ಬದಿಯಿಂದ ಬರುವ ಉಬ್ಬರವಿಳಿತಗಳ ಎಳೆತವೇ ಇದನ್ನು ಗುಡಿಸಿ ತೆರೆದಿಡುತ್ತದೆ ಎಂಬುದು ಅವರ ಉತ್ತರದ ಸಾರ. ಹಿಮಯುಗದಲ್ಲಿ ಕಡಲಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು, ಆಗ ನದಿ ಭೂಖಂಡದ ಅಂಚಿನವರೆಗೂ ಹರಿದು ಈ ಕಂದರಕ್ಕೆ ನೇರವಾಗಿ ಸುರಿಯುತ್ತಿತ್ತು ಎಂಬುದು ಆಗ ಗೊತ್ತಿರಲಿಲ್ಲ. ಆದರೂ ಉಬ್ಬರವಿಳಿತದ ಮೇಲೆ ಅವರು ಬೆರಳಿಟ್ಟದ್ದು ಗಮನಿಸತಕ್ಕದ್ದು. 1998ರಲ್ಲಿ ಹರ್ಮನ್ ಕುಡ್ರಾಸ್ ಮತ್ತು ಸಂಗಡಿಗರಾದ ಜರ್ಮನ್ ವಿಜ್ಞಾನಿಗಳು ಕಂದರದ ತಳದಿಂದ ತೆಗೆದ ಮಣ್ಣಿನ ಕಂಬಗಳನ್ನು ಓದಿ ಬರೆದದ್ದು ಇದೇ ಜಾಡಿನಲ್ಲಿದೆ: ಚಂಡಮಾರುತಗಳು ಆಳವಿಲ್ಲದ ಕಡಲಿನ ತಳವನ್ನು ಕದಡುತ್ತವೆ, ಉಬ್ಬರವಿಳಿತದ ಹರಿವು ಆ ರಾಡಿಯನ್ನು ಕಂದರದ ಬಾಯಿಗೆ ಒಯ್ಯುತ್ತದೆ. ಕಂಬದಲ್ಲಿ ಒಂದರ ಮೇಲೊಂದು ಮರಳು-ಮಣ್ಣಿನ ಪದರಗಳು; ಅವು ಬಂದುಹೋದ ಚಂಡಮಾರುತಗಳ ದಾಖಲೆ. 2020ರ ಮೇ 20ರಂದು ಅಂಫಾನ್ ಬಂದುಹೋದ ಮರುದಿನ ನಾವೆಲ್ಲ ಈ ಬಡಾವಣೆಯಲ್ಲಿ ಉರುಳಿದ ಮರಗಳನ್ನು ಎಣಿಸುತ್ತಿದ್ದೆವು. ಕಡಲ ತಳದಲ್ಲೂ ಅದರ ಲೆಕ್ಕ ಬರೆದಿಡಲಾಗುತ್ತಿತ್ತು ಎಂಬುದು ಯಾರಿಗೂ ಹೊಳೆಯುವ ಮಾತಲ್ಲ.

ಇನ್ನು ನೀರಿನ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ವಾದದ ಬೇರು ಇಲ್ಲಿದೆ.

ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿ ಗಂಗೆ ಮತ್ತು ಬ್ರಹ್ಮಪುತ್ರ ವರ್ಷಕ್ಕೆ ಸುಮಾರು ಸಾವಿರ ಘನ ಕಿಲೋಮೀಟರ್ ಸಿಹಿನೀರು ಸುರಿಯುತ್ತವೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಆದ್ದರಿಂದ ಮಳೆಗಾಲ ಮುಗಿಯುವ ವೇಳೆಗೆ ಕೊಲ್ಲಿಯ ಮೇಲೆ ಸಿಹಿಯಾದ ತೆಳು ಪದರವೊಂದು ಮುಚ್ಚಳದ ಹಾಗೆ ಕೂತಿರುತ್ತದೆ. ಮೀನಿನ ಆಹಾರದ ಮೂಲವಾದ ಸೂಕ್ಷ್ಮಸಸ್ಯಗಳಿಗೆ ಬೆಳಕೂ ಬೇಕು, ನೈಟ್ರೇಟಿನಂಥ ಗೊಬ್ಬರವೂ ಬೇಕು. ಬೆಳಕು ಮೇಲಿದೆ, ಗೊಬ್ಬರ ಕೆಳಗಿದೆ, ನಡುವೆ ಮುಚ್ಚಳ. ಅರಬ್ಬೀ ಸಮುದ್ರದಲ್ಲಿ ಇಂಥ ಮುಚ್ಚಳ ಇಷ್ಟು ಬಿಗಿಯಾಗಿಲ್ಲ. ಮುಂಗಾರಿನ ಗಾಳಿ ಅದನ್ನು ಆಳದವರೆಗೂ ಕಲಕುತ್ತದೆ. ಅದಕ್ಕೇ ಅರಬ್ಬೀ ಸಮುದ್ರ ಬಂಗಾಳ ಕೊಲ್ಲಿಗಿಂತ ಫಲವತ್ತು. ಈ ಮುಚ್ಚಳದ ಕುರಿತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಎನ್. ವಿನಯಚಂದ್ರನ್ ಅವರಂಥವರು ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ. ಕಡಲಿಲ್ಲದ ಊರಿನಲ್ಲಿ ಕಡಲಿನ ಇಷ್ಟು ಗಂಭೀರ ಅಧ್ಯಯನ ನಡೆಯುತ್ತಿದೆ ಎಂಬುದು ಬಹಳ ಕನ್ನಡಿಗರಿಗೆ ತಿಳಿಯದು.

ಕಂದರ ಈ ಮುಚ್ಚಳದ ಕೆಳಗಿನ ಕಡೆಗೋಲು. ಅದು ಕಡೆಯುವ ಬಗೆ ಎರಡು.

ಮೊದಲನೆಯದು ಹರಿವಿನ ದಿಕ್ಕಿಗೆ ಸಂಬಂಧಿಸಿದ್ದು. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧಗೋಳದಲ್ಲಿ ಚಲಿಸುವ ನೀರು ಸದಾ ತನ್ನ ಬಲಕ್ಕೆ ವಾಲುತ್ತದೆ. ನೆಲ ಎಡಗೈಗೆ ಇರುವಂತೆ ಹರಿಯುವ ಪ್ರವಾಹ ಹಾಗಾಗಿ ನೀರನ್ನು ನೆಲದಿಂದ ಆಚೆಗೆ ಒತ್ತುತ್ತದೆ. ದಡದ ಬಳಿ ಕಡಲಿನ ಮಟ್ಟ ಕೂದಲೆಳೆಯಷ್ಟು ತಗ್ಗುತ್ತದೆ. ತಗ್ಗಿದ ಕಡೆಗೆ ಹೊರಗಿನ ನೀರು ನುಗ್ಗಬೇಕು. ಬಯಲು ಕಡಲಿನಲ್ಲಿ ಅದು ನುಗ್ಗದಂತೆ ಪ್ರವಾಹದ ಬಲವಾಲುವಿಕೆಯೇ ತಡೆಯುತ್ತದೆ, ಎರಡೂ ಸಮನಾಗಿ ತೂಗುತ್ತವೆ. ಕಂದರದೊಳಗಿನ ನೀರಿನ ಕತೆ ಬೇರೆ. ಎರಡು ಬದಿಗೂ ಗೋಡೆ. ದಡದ ಉದ್ದಕ್ಕೆ ಅದು ಹರಿಯಲಾರದು. ಹರಿವಿಲ್ಲದಿದ್ದರೆ ಬಲಕ್ಕೆ ವಾಲುವುದೂ ಇಲ್ಲ, ತಡೆಯುವವರೂ ಇಲ್ಲ. ಆಗ ಆಳದ ತಣ್ಣನೆಯ, ಗೊಬ್ಬರ ತುಂಬಿದ ನೀರು ಕಂದರದ ತಳದಗುಂಟ ದಡದತ್ತ ಏರಿಬರುತ್ತದೆ. ಪ್ರವಾಹ ತಿರುಗಿ ನೆಲ ಬಲಗೈಗೆ ಬಂದರೆ ಇದೆಲ್ಲ ತಿರುವುಮುರುವು. ನೀರು ಕಂದರದಲ್ಲಿ ಇಳಿಯುತ್ತದೆ. ಭಾರತದ ಪೂರ್ವ ಕರಾವಳಿಯ ಪ್ರವಾಹ ವರ್ಷದಲ್ಲಿ ದಿಕ್ಕು ಬದಲಿಸುವುದು ಪ್ರಸಿದ್ಧ: ಬೇಸಿಗೆಯ ಮೊದಲಲ್ಲಿ ಉತ್ತರಕ್ಕೆ, ಅಕ್ಟೋಬರಿನ ನಂತರ ದಕ್ಷಿಣಕ್ಕೆ. ನಮ್ಮ ಪಶ್ಚಿಮ ಕರಾವಳಿಯಲ್ಲೂ ಈ 'ಎಡಗೈ ನಿಯಮ' ಕೆಲಸ ಮಾಡುವುದನ್ನು ಓದುಗರು ಪರೀಕ್ಷಿಸಬಹುದು. ಮುಂಗಾರಿನಲ್ಲಿ ಮಂಗಳೂರಿನ ಎದುರಿನ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ನೆಲ ಎಡಕ್ಕೆ. ಅಲ್ಲಿ ಇಂಥ ಹೆಸರುವಾಸಿ ಕಂದರವಿಲ್ಲದಿದ್ದರೂ ಉದ್ದನೆಯ ಕರಾವಳಿಯೇ ಆ ಕೆಲಸ ಮಾಡಿ ತಣ್ಣನೆಯ ನೀರನ್ನು ಮೇಲಕ್ಕೆ ತರುತ್ತದೆ. ಬಂಗುಡೆ, ಬೂತಾಯಿಗಳ ಸುಗ್ಗಿ ಅದನ್ನು ನಂಬಿದೆ.

ಎರಡನೆಯದು ಉಬ್ಬರವಿಳಿತ. ಸಾಗರದ್ವೀಪದ ಬಳಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ಐದು ಮೀಟರಿನ ಹತ್ತಿರಕ್ಕೆ ಏರಿಳಿಯುತ್ತದೆ. ನಮಗೆ ಕಾಣುವುದು ಮೇಲಿನ ಏರಿಳಿತ ಮಾತ್ರ. ಆದರೆ ಪದರ ಪದರವಾದ ನೀರನ್ನು ದಿನಕ್ಕೆ ಎರಡು ಬಾರಿ ಇಳಿಜಾರಿನ ಮೇಲೆ ಹತ್ತಿಸಿ ಇಳಿಸಿದರೆ ಪದರಗಳ ನಡುವೆಯೇ ಅಲೆಗಳೇಳುತ್ತವೆ. ಇವು ಒಳಅಲೆಗಳು. ಮೇಲೆ ಕಡಲು ಶಾಂತವಾಗಿದ್ದಾಗ ಕೆಳಗೆ ಹತ್ತಾರು ಮೀಟರ್ ಎತ್ತರದ ಅಲೆಗಳು ನಿಧಾನವಾಗಿ ಸಾಗುತ್ತಿರಬಹುದು. ಕಂದರ ಇವುಗಳನ್ನು ಆಲಿಕೆಯ ಹಾಗೆ ಒಟ್ಟುಗೂಡಿಸಿ ತನ್ನ ಕಿರಿದಾದ ತಲೆಯತ್ತ ಒಯ್ಯುತ್ತದೆ, ಅಲ್ಲಿ ಅವು ಮುರಿದುಬೀಳುತ್ತವೆ, ಮೇಲಿನದು ಕೆಳಗಿನದು ಬೆರೆಯುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೇ ಕಂದರದಲ್ಲಿ ಉಪಕರಣ ಇಳಿಸಿ ಅಳೆದಾಗ ಇಂಥ ಬೆರಕೆ ತೆರೆದ ಕಡಲಿಗಿಂತ ನೂರಾರು ಪಟ್ಟು ಹೆಚ್ಚೆಂದು ಕಂಡಿತು.

ಹೀಗೆ ಬೆರೆತ ನೀರಿನ ಫಲ ಲೆಕ್ಕಕ್ಕೆ ಸಿಗುವಂಥದ್ದೇ. ನಮ್ಮ ಕಂದರದ ತಲೆಯ ಸುತ್ತ ಬ್ರೈಡ್ ತಿಮಿಂಗಿಲಗಳು, ಇರಾವದಿ ಡಾಲ್ಫಿನ್‌ಗಳು, ರೆಕ್ಕೆಯಿಲ್ಲದ ಪೋರ್ಪಸ್‌ಗಳು, ತಿರುಗುಬುಗುರಿಯಂತೆ ಚಿಮ್ಮುವ ಸ್ಪಿನ್ನರ್ ಡಾಲ್ಫಿನ್‌ಗಳು ಒಂದೆಡೆ ಸೇರುತ್ತವೆ. ಸಂಶೋಧಕರು ಇದಕ್ಕೆ ಕಂದರದಿಂದ ಮೇಲೇರುವ ನೀರನ್ನೇ ಕಾರಣವಾಗಿ ತೋರಿಸುತ್ತಾರೆ. ಬಾಂಗ್ಲಾದೇಶ 2014ರಲ್ಲಿ ಇದರ 1,738 ಚದರ ಕಿಲೋಮೀಟರನ್ನು ತನ್ನ ಮೊದಲ ಸಾಗರ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಅದೇ ವರ್ಷದ ಜುಲೈ 7ರಂದು ಹೇಗ್‌ನ ಪಂಚಾಯ್ತಿ ಮಂಡಳಿ ಭಾರತ-ಬಾಂಗ್ಲಾ ಕಡಲಗಡಿಯ ತೀರ್ಪಿತ್ತು, ವಿವಾದದಲ್ಲಿದ್ದ 25,602 ಚದರ ಕಿಲೋಮೀಟರಿನಲ್ಲಿ 19,467ನ್ನು ಬಾಂಗ್ಲಾದೇಶಕ್ಕೆ ಕೊಟ್ಟಿತ್ತು. ನಮ್ಮಲ್ಲಿ ಆ ತೀರ್ಪನ್ನು ಕಳೆದುಕೊಂಡ ಕಡಲಿನ ಲೆಕ್ಕವಾಗಿ ಓದಿದವರೇ ಹೆಚ್ಚು. ಗಡಿ ಗೊತ್ತಾದ ಕೂಡಲೇ ಆ ಕಡೆಯವರು ಮಾಡಿದ ಮೊದಲ ಕೆಲಸಗಳಲ್ಲೊಂದು ತಿಮಿಂಗಿಲಕ್ಕೆ ಜಾಗ ಬಿಟ್ಟದ್ದು. ಇದನ್ನು ಮೆಚ್ಚದಿರುವುದು ಹೇಗೆ?

ಮಳೆಗಾಲದಲ್ಲಿ ಗರಿಯಾಹಾಟ್ ಮಾರುಕಟ್ಟೆಯ ಮೀನಿನ ಸಾಲಿಗೆ ಹೋದವರಿಗೆ ಗೊತ್ತು, ಅಲ್ಲಿ ಮೀನಿಗೆ ಮೊದಲು ಕೇಳುವುದು ಬೆಲೆಯಲ್ಲ, ಊರು. ಈ ಇಲಿಶ್ ಪದ್ಮೆಯದೋ, ಡೈಮಂಡ್ ಹಾರ್ಬರಿನದೋ, ಕೋಲಾಘಾಟಿನದೋ? ದೊಡ್ಡ ಬೊಂಟಿಯ ಮುಂದೆ ಕುಳಿತವನು ಒಂದು ಊರು ಹೇಳುತ್ತಾನೆ, ಕೊಳ್ಳುವವರು ನಂಬಿದವರ ಹಾಗೆ ಮುಖ ಮಾಡುತ್ತಾರೆ. ಅದು ಇಬ್ಬರಿಗೂ ಒಪ್ಪಿಗೆಯಾದ ಆಟ. ನಿಜದಲ್ಲಿ ಇಲಿಶ್ ಯಾವ ಊರಿನದೂ ಅಲ್ಲ. ಬೆಳೆಯುವುದು ಕೊಲ್ಲಿಯ ಉಪ್ಪುನೀರಿನಲ್ಲಿ, ಮೊಟ್ಟೆಯಿಡಲು ಏರುವುದು ನದಿಯ ಸಿಹಿನೀರಿಗೆ, ಮರಿಗಳು ಮತ್ತೆ ಇಳಿಯುವುದು ಕಡಲಿಗೆ. ಒಂದು ಕಾಲದಲ್ಲಿ ಅದು ಗಂಗೆಯಲ್ಲಿ ಅಲಹಾಬಾದಿನಾಚೆಗೂ ಹೋಗುತ್ತಿತ್ತು. 1975ರಲ್ಲಿ ಫರಕ್ಕಾ ಬ್ಯಾರೇಜ್ ಬಂದ ಮೇಲೆ ಆ ದಾರಿ ಮುಚ್ಚಿತು. 23 ಸೆಂಟಿಮೀಟರಿಗಿಂತ ಚಿಕ್ಕ ಇಲಿಶ್ ಹಿಡಿಯಬಾರದು, ಮಾರಬಾರದು ಎಂದು ಪಶ್ಚಿಮ ಬಂಗಾಳದ ನಿಯಮವಿದೆ. 'ಖೋಕಾ ಇಲಿಶ್' ಎಂಬ ಮುದ್ದಿನ ಹೆಸರಿನಲ್ಲಿ ಅದು ಮಾರಾಟವಾಗುವುದೂ ಇದೆ.

ಫರಕ್ಕಾದ ಕತೆಯಲ್ಲಿ ನಮಗೆ ಬೇಕಾದ ಒಂದು ವ್ಯಂಗ್ಯವಿದೆ. ಆ ಬ್ಯಾರೇಜ್ ಕಟ್ಟಿದ್ದು ನೀರು ಸಮುದ್ರಕ್ಕೆ ಹೋಗುವುದನ್ನು ತಡೆಯಲಿಕ್ಕಲ್ಲ. ಸಮುದ್ರಕ್ಕೆ ಹೋಗಲೆಂದೇ, ಆದರೆ ಬೇರೆ ದಾರಿಯಲ್ಲಿ. 38 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ 40,000 ಕ್ಯೂಸೆಕ್ ನೀರನ್ನು ಭಾಗೀರಥಿಗೆ ತಿರುಗಿಸಿದರೆ ಅದು ಹೂಗ್ಲಿಯ ಹೂಳನ್ನು ಕಡಲಿಗೆ ಕೊಚ್ಚಿಕೊಂಡು ಹೋಗಿ ಕೋಲ್ಕತ್ತ ಬಂದರನ್ನು ಉಳಿಸುತ್ತದೆ ಎಂಬುದು ಲೆಕ್ಕ. ಅಂದರೆ ಸಮುದ್ರಕ್ಕೆ ಹರಿಯುವ ನೀರಿಗೂ ಕೆಲಸವಿದೆಯೆಂದು ಸರ್ಕಾರವೇ ಕಾಗದದ ಮೇಲೆ ಒಪ್ಪಿಕೊಂಡಿತ್ತು. ಬಂದರಿಗೆ ಉಪಯೋಗವಾದರೆ ಮಾತ್ರ, ಅಷ್ಟೇ. ಪಶ್ಚಿಮ ಬಂಗಾಳದ ಇಂಜಿನಿಯರ್ ಕಪಿಲ ಭಟ್ಟಾಚಾರ್ಯ ಯೋಜನೆ ಕಾಗದದಲ್ಲಿದ್ದಾಗಲೇ ಅದರ ಲೆಕ್ಕವನ್ನು ಪ್ರಶ್ನಿಸಿದರು. ಅದಕ್ಕೆ ಅವರು ಪಡೆದದ್ದು ದೇಶದ್ರೋಹಿ ಎಂಬ ನಿಂದೆ. ಹಲ್ದಿಯಾದ ದಾರಿಯಲ್ಲಿ ಹೂಳೆತ್ತುವ ಹಡಗುಗಳು ಇಂದಿಗೂ ಕೆಲಸ ಮಾಡುತ್ತಿವೆ.

ಹೂಳೆಂದರೆ ನಾವು ಮೂಗು ಮುರಿಯುತ್ತೇವೆ. ಆದರೆ ಗರಿಯಾಹಾಟ್ ನಿಂತಿರುವುದೇ ಅದರ ಮೇಲೆ. ಕೋಲ್ಕತ್ತದ ಫೋರ್ಟ್ ವಿಲಿಯಮ್ಮಿನಲ್ಲಿ 1835ರಿಂದ 1840ರವರೆಗೆ ಕೊಳವೆ ಕೊರೆದು 481 ಅಡಿ ಇಳಿದರೂ ಬಂಡೆ ಸಿಗಲಿಲ್ಲ. ಮಣ್ಣು, ಮರಳು, ನಡುವೆ ಹಳೆಯ ಜೌಗುಕಾಡಿನ ಕೊಳೆತ ಪದರ. ನೆಲವೂ ಇಲ್ಲಿ ಒಂದು ಬಗೆಯ ನಾಯ್ ಬಾಮ್. ಗಂಗೆ-ಬ್ರಹ್ಮಪುತ್ರಗಳು ವರ್ಷಕ್ಕೆ ತರುವ ಸುಮಾರು ನೂರು ಕೋಟಿ ಟನ್ ಹೂಳಿನಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ನೆಲವನ್ನು ಕಟ್ಟುತ್ತದೆ, ಮೂರನೆಯ ಒಂದು ಪಾಲು ಆಳವಿಲ್ಲದ ಕಡಲಿನಲ್ಲಿ ಕೂರುತ್ತದೆ, ಉಳಿದದ್ದು ಕಂದರದ ದಾರಿ ಹಿಡಿಯುತ್ತದೆ. ಇಲ್ಲಿ ಪಾಲು ಎಂಬ ಪದ ಎಷ್ಟು ಸಹಜವಾಗಿ ಬಂತು ನೋಡಿ! ಕಂದರ ಹಿಡಿದ ಹೂಳು ಎಲ್ಲಿಗೆ ಹೋಗುತ್ತದೆ? ಶ್ರೀಲಂಕೆಯನ್ನೂ ದಾಟಿ ಸಮಭಾಜಕದಾಚೆಗೆ ಹಬ್ಬಿರುವ, ಸುಮಾರು 3,000 ಕಿಲೋಮೀಟರ್ ಉದ್ದದ ಬೀಸಣಿಗೆಯಾಕಾರದ ರಾಶಿಗೆ. ಜಗತ್ತಿನ ಕಡಲುಗಳ ತಳದಲ್ಲಿ ಇಂಥ ರಾಶಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಹಿಮಾಲಯ ಸವೆದ ಇತಿಹಾಸವನ್ನು ಓದಲು ವಿಜ್ಞಾನಿಗಳು ಹಿಮಾಲಯಕ್ಕೆ ಹೋದಷ್ಟೇ ಮುಖ್ಯವಾಗಿ ಇಲ್ಲಿಗೂ ಬಂದು ಕೊರೆಯುತ್ತಾರೆ, 1987ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ. ಈ ಹೂಳಿನೊಂದಿಗೆ ಬಂದ ಎಲೆ, ಬೇರು, ಮಣ್ಣಿನ ಇಂಗಾಲದ ಬಹುಭಾಗ ಕೊಳೆತು ಗಾಳಿಗೆ ಹಿಂದಿರುಗದೆ ಅಲ್ಲೇ ಹೂತುಹೋಗುತ್ತದೆಂದು 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಗಾಳಿಯಿಂದ ಇಂಗಾಲ ತೆಗೆಯಲು ಇಂದು ಎಷ್ಟೆಲ್ಲ ಯಂತ್ರಗಳ ಮಾತು ಕೇಳಿಬರುತ್ತಿದೆ. ಇದು ಬಿಟ್ಟಿ ನಡೆಯುತ್ತಿರುವ ಕೆಲಸ.

ಪುರಾಣದಲ್ಲಿ ವಿಜ್ಞಾನ ಹುಡುಕುವ ಚಾಳಿ ನನಗೆ ಇಲ್ಲ, ಅದನ್ನು ಮಾಡುವವರನ್ನು ಕಂಡರೆ ಸ್ವಲ್ಪ ಭಯವೂ ಇದೆ. ಆದರೂ ಒಂದನ್ನು ಹೇಳದಿರಲಾರೆ. ಭಗೀರಥನ ಕತೆಯಲ್ಲಿ ಗಂಗೆ ದಡಕ್ಕೆ ಬಂದು ನಿಲ್ಲುವುದಿಲ್ಲ. ಸಗರನ ಅರವತ್ತು ಸಾವಿರ ಮಕ್ಕಳ ಬೂದಿ ಇರುವುದು ಪಾತಾಳದಲ್ಲಿ. ಅಲ್ಲಿಗೆ ಇಳಿಯದೆ ಅವಳ ಕೆಲಸ ಮುಗಿಯುವುದಿಲ್ಲ. ಸಂಕ್ರಾಂತಿಗೆ ಗಂಗಾಸಾಗರಕ್ಕೆ ಬರುವ ಲಕ್ಷಾಂತರ ಜನ ಕಪಿಲಮುನಿಯ ಗುಡಿಯ ಮುಂದೆ ಮುಳುಗೇಳುವುದು ಈ ಕತೆಯನ್ನು ನಂಬಿ. ನದಿಯ ಕೊನೆ ಸಮುದ್ರವಲ್ಲ, ಸಮುದ್ರದೊಳಗೂ ಅದಕ್ಕೆ ತಲುಪಬೇಕಾದ ಜಾಗ ಇದೆ ಎಂಬ ಕಲ್ಪನೆಯಾದರೂ ಕತೆ ಕಟ್ಟಿದವರಿಗೆ ಇತ್ತು. ಡ್ಯಾಮ್ ಕಟ್ಟುವ ನಮಗೆ ಆ ಕಲ್ಪನೆ ಇಲ್ಲ.

ಈಗ ನಮ್ಮ ಮನೆಯ ಮಾತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಎತ್ತಿನಹೊಳೆ ಯೋಜನೆಯ ಮೊದಲ ಹಂತ ಉದ್ಘಾಟನೆಯಾಯಿತು. ನೇತ್ರಾವತಿಯ ಉಗಮದ ಹೊಳೆಗಳಿಂದ 24.01 ಟಿಎಂಸಿ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರದತ್ತ ಒಯ್ಯುವ ಯೋಜನೆ. ಅಂದಾಜು ವೆಚ್ಚ 23,251 ಕೋಟಿ ರೂಪಾಯಿಗೆ ಏರಿದೆ. ಕೋಲಾರದವರ ಬಾಯಾರಿಕೆ ಸುಳ್ಳಲ್ಲ. ಫ್ಲೋರೈಡ್ ತುಂಬಿದ ಕೊಳವೆಬಾವಿಯ ನೀರು ಕುಡಿದು ಹಲ್ಲು ಮೂಳೆ ಕೆಡಿಸಿಕೊಂಡವರ ಎದುರು ನಿಂತು ಮೀನಿನ ಪರ ಮಾತಾಡುವುದು ಸುಲಭವಲ್ಲ, ಸಲ್ಲದು ಕೂಡ. ಕರಾವಳಿಯವನಾದ ನಾನು ಆ ನೀರು ಕೊಡಲೇಬಾರದೆಂದು ಹೇಳುತ್ತಿಲ್ಲ. ಅರಬ್ಬೀ ಸಮುದ್ರಕ್ಕೆ ಗೊಬ್ಬರ ಒದಗುವುದು ಹೆಚ್ಚಾಗಿ ಆಳದಿಂದ ಮೇಲೇರುವ ನೀರಿನಿಂದ ಎಂದು ನಾನೇ ಮೇಲೆ ಬರೆದಿದ್ದೇನೆ. ನೇತ್ರಾವತಿ ಗಂಗೆಯಲ್ಲ, ಮಂಗಳೂರಿನ ಎದುರು ಮಾರಿಲ್ಲದ ಕಡಲೂ ಇಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ನನ್ನ ತಕರಾರು ತಕ್ಕಡಿಯೇ ಇಲ್ಲದಿರುವುದರ ಬಗ್ಗೆ. ಯೋಜನೆಯನ್ನು ಸಮರ್ಥಿಸುವ ಭಾಷಣಗಳಲ್ಲಿ ಮತ್ತೆ ಮತ್ತೆ ಬರುವ ವಾಕ್ಯ ಒಂದೇ: ವ್ಯರ್ಥವಾಗಿ ಸಮುದ್ರ ಸೇರುವ ನೀರನ್ನು ಬಳಸಿಕೊಳ್ಳುತ್ತಿದ್ದೇವೆ. ವ್ಯರ್ಥ ಎಂದು ಮೊದಲೇ ತೀರ್ಮಾನವಾದ ಮೇಲೆ ಲೆಕ್ಕ ಯಾಕೆ? ಎರಡು ದಶಕಗಳಿಂದ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತ ನೋಡುತ್ತಿರುವವನಾಗಿ ಒಂದು ಮಾತು ಖಚಿತವಾಗಿ ಹೇಳಬಲ್ಲೆ: ನಮೂನೆಯಲ್ಲಿ ಕಾಲಂ ಇಲ್ಲದ್ದು ಆಡಳಿತದ ಕಣ್ಣಿಗೆ ಲೋಕದಲ್ಲೇ ಇಲ್ಲ. ಕುಡಿಯುವ ನೀರಿಗೆ ಕಾಲಂ ಇದೆ, ನೀರಾವರಿಗಿದೆ, ಕೈಗಾರಿಕೆಗಿದೆ, ಆವಿಯಾಗುವುದಕ್ಕೂ ಇದೆ. ನದಿಯ ಮುಖದಾಚೆಗೆ, ಕಡಲಿನ ಮೊದಲ ಮೂವತ್ತು ನಲವತ್ತು ಕಿಲೋಮೀಟರಿಗೆ, ಒಂದು ಕಾಲಂ ಬೇಕು. ಅದರಲ್ಲಿ ತುಂಬಬೇಕಾದ್ದು ಭಾವನೆಯಲ್ಲ: ಯಾವ ತಿಂಗಳು ಎಷ್ಟು ಸಿಹಿನೀರು, ಎಷ್ಟು ಮರಳು, ಎಷ್ಟು ಸಿಲಿಕಾ ಹೋಗುತ್ತಿತ್ತು, ಇನ್ನು ಮುಂದೆ ಎಷ್ಟು ಹೋಗುತ್ತದೆ, ಅದನ್ನು ನಂಬಿದ ಜೀವಿಗಳು ಯಾವುವು, ಅದರ ಮರಳನ್ನು ನಂಬಿದ ದಡ ಯಾವುದು. ಉಳ್ಳಾಲದ ದಡಕ್ಕೆ ಪ್ರತಿವರ್ಷ ಕಲ್ಲು ಸುರಿದು ಕಡಲ್ಕೊರೆತ ತಡೆಯಲು ಯತ್ನಿಸುವ ಇಲಾಖೆಗೂ ನದಿಯಿಂದ ನೀರೆತ್ತುವ ಇಲಾಖೆಗೂ ನಡುವೆ ಒಂದು ಪತ್ರವಾದರೂ ಓಡಾಡುವಂತಾಗಬೇಕು. ಲೆಕ್ಕ ಹಾಕಿದ ಮೇಲೂ ಕೋಲಾರಕ್ಕೇ ನೀರು ಹೋಗಬೇಕೆಂದಾದರೆ ಹೋಗಲಿ. ಆಗ ಅದು ಸಮುದ್ರದ ಪಾಲಿನಿಂದ ತೆಗೆದದ್ದೆಂದು ತಿಳಿದು ತೆಗೆದದ್ದಾಗುತ್ತದೆ.

ಈ ಕುರುಡಿಗೆ ನಮ್ಮ ಸಾಹಿತ್ಯವೂ ಸ್ವಲ್ಪ ಹೊಣೆ ಎಂದು ನನ್ನ ಅನಿಸಿಕೆ. ಕನ್ನಡದ ವಿಜ್ಞಾನ ಬರವಣಿಗೆ ಬಡವಾದದ್ದಲ್ಲ. ಕಾರಂತರು ಏಕಾಂಗಿಯಾಗಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ಬರೆದರು, ಬಿ.ಜಿ.ಎಲ್. ಸ್ವಾಮಿ, ತೇಜಸ್ವಿ ಇಬ್ಬರೂ ಕಾಡನ್ನು, ಗಿಡವನ್ನು, ಹಕ್ಕಿಯನ್ನು ನಮ್ಮ ಮನೆಮಾತಿಗೆ ತಂದರು. ಅದರ ಫಲವಾಗಿ ಪಶ್ಚಿಮಘಟ್ಟದ ಒಂದು ಮರ ಕಡಿದರೆ ಇಂದು ಮೈಸೂರಿನಲ್ಲಿ ಯಾರಾದರೂ ಸಿಟ್ಟಾಗುತ್ತಾರೆ. ಕಡಲಿಗೆ ಆ ಭಾಗ್ಯ ಬರಲಿಲ್ಲ. ನಮ್ಮ ಕತೆ ಕಾದಂಬರಿಗಳಲ್ಲಿ ಕಡಲು ಬಹುಮಟ್ಟಿಗೆ ದಡದಿಂದ ಕಂಡ ಕಡಲು: ಮೊರೆತ, ಸೂರ್ಯಾಸ್ತ, ಕಾಯುವ ಹೆಂಗಸು. ಮೇಲ್ಮೈಯಿಂದ ಒಂದು ಮಾರು ಕೆಳಗೆ ಇಳಿದವರು ಕಡಿಮೆ. ಒಳಅಲೆ, ಮೇಲೇರಿಕೆ ಎಂಬ ಪದಗಳನ್ನು ನಾನು ಈ ಬರಹಕ್ಕಾಗಿ ಕೈಯಳತೆಯಲ್ಲಿ ಹೊಂದಿಸಿಕೊಂಡೆ. ಮಲ್ಪೆಯ, ಗಂಗೊಳ್ಳಿಯ ಮೀನುಗಾರರ ಬಾಯಲ್ಲಿ ಇದಕ್ಕಿಂತ ಒಳ್ಳೆಯವು ಖಂಡಿತ ಇರುತ್ತವೆ. ಅವನ್ನು ಯಾರಾದರೂ ಕೂಡಿಸಿಡಬೇಕು. ಹೊರನಾಡಿನಲ್ಲಿ ಕುಳಿತು ನಿಘಂಟು ಮಾಡುವ ಉತ್ಸಾಹಿಗಳು ನಮ್ಮಲ್ಲಿ ಇಲ್ಲದಿಲ್ಲ.

ಬಂಗಾಳದಲ್ಲಿ ಈ ಲೆಕ್ಕ ಮತ್ತೆ ತೆರೆಯಲು ಒಂದು ಅವಕಾಶ ಇದೆ. ಫರಕ್ಕಾದ ನೀರು ಹಂಚಿಕೆಯ ಬಗ್ಗೆ ಭಾರತ ಮತ್ತು ಬಾಂಗ್ಲಾದೇಶ 1996ರ ಡಿಸೆಂಬರಿನಲ್ಲಿ ಮಾಡಿಕೊಂಡ ಒಪ್ಪಂದದ ಅವಧಿ 30 ವರ್ಷ. ಜನವರಿಯಿಂದ ಮೇ ತಿಂಗಳ ಕೊನೆಯವರೆಗೆ ಹತ್ತು ಹತ್ತು ದಿನಕ್ಕೊಮ್ಮೆ ಯಾರಿಗೆಷ್ಟು ಎಂಬ ಅದರ ಕೋಷ್ಟಕಗಳಲ್ಲಿ ಇರುವುದು ಕ್ಯೂಸೆಕ್ ಮಾತ್ರ, ಪಾಲುದಾರರು ಇಬ್ಬರು ಮಾತ್ರ. ಮೀನು ಹಿಡಿಯದಿರುವ ತಿಂಗಳುಗಳ ವಿಷಯದಲ್ಲಿ ಎರಡು ದೇಶಗಳೂ ಬಹುಕಾಲ ಬೇರೆ ಬೇರೆ ಪಂಚಾಂಗ ಇಟ್ಟುಕೊಂಡಿದ್ದವು. ನಮ್ಮ ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14, ಅವರದು ಮೇ 20ರಿಂದ ಜುಲೈ 23. ಒಂದು ಕಡೆಯವರು ದೋಣಿ ಕಟ್ಟಿಹಾಕಿದಾಗ ಇನ್ನೊಂದು ಕಡೆಯವರು ಅದೇ ಮೀನನ್ನು ಹಿಡಿಯುತ್ತಿದ್ದರು. 2025ರಲ್ಲಿ ಬಾಂಗ್ಲಾದೇಶ ತನ್ನ ನಿಷೇಧವನ್ನು ಏಪ್ರಿಲ್ 15ರಿಂದ ಜೂನ್ 11ಕ್ಕೆ ತಂದು ನಮ್ಮದಕ್ಕೆ ಹೊಂದಿಸಿತು. ಮಾತುಕತೆಯೇ ಕಷ್ಟವಾಗಿದ್ದ ವರ್ಷದಲ್ಲಿ ಇಷ್ಟಾದದ್ದು ಸಣ್ಣದಲ್ಲ. ಹೊಸ ಒಪ್ಪಂದದ ಕೋಷ್ಟಕದಲ್ಲಿ ಭಾರತ, ಬಾಂಗ್ಲಾದೇಶ ಎಂಬ ಎರಡು ಸಾಲುಗಳ ಕೆಳಗೆ ಮೂರನೆಯ ಸಾಲೊಂದನ್ನು ಎಳೆಯಲು ಕಾಗದದಲ್ಲಿ ಜಾಗವಿದೆ.